ಅಲ್ಲಿ ಮಾತ್ರ ಬೆವರುವ ಚರ್ಮ: ಆರು ವರ್ಷದ ಹುಡುಗಿಯ ಒಂದು ಪ್ರಕರಣ

ಆರು ವರ್ಷದ ಹುಡುಗಿ. ಎಡಗಾಲಿನ ಹೊರಬದಿಯಲ್ಲಿ, ಪಾದದ ಗಂಟಿಗಿಂತ ಸ್ವಲ್ಪ ಮೇಲೆ, ನೀಲಿ ಬೆರೆತ ಕೆಂಪು ಬಣ್ಣದ ಒಂದು ದಪ್ಪ ಕಲೆ. ಹುಟ್ಟಿದಾಗಿನಿಂದಲೂ ಇತ್ತು. ಎರಡು ವರ್ಷದಿಂದ ಉಬ್ಬಿಕೊಳ್ಳುತ್ತಿತ್ತು. ಯಾರಾದರೂ ಮುಟ್ಟಲು ಹೋದರೆ ಕಾಲು ಎಳೆದುಕೊಳ್ಳುತ್ತಿದ್ದಳು. ನಮ್ಮ ಚರ್ಮರೋಗ ವಿಭಾಗಕ್ಕೆ ಬರುವ ಹೊತ್ತಿಗೆ ಅದಕ್ಕೆ ನಾಲ್ಕು ಹೆಸರು ಬಿದ್ದಿದ್ದವು: ಮಚ್ಚೆ, ಪೆಟ್ಟು, ಹುಳುಕಡ್ಡಿ, ರಕ್ತನಾಳದ ಗಡ್ಡೆ. ನಾಲ್ಕೂ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಅದು ಎಕ್ರೈನ್ ಆಂಜಿಯೋಮ್ಯಾಟಸ್ ಹಾಮಾರ್ಟೋಮಾ, ಅಂದರೆ ಬೆವರಿನ ಗ್ರಂಥಿಗಳೂ ಸಣ್ಣ ರಕ್ತನಾಳಗಳೂ ಒಂದೇ ಕಡೆ ಜಾಸ್ತಿ ಬೆಳೆದ ಗಡ್ಡೆ. ಅಪರೂಪದ್ದು, ಆದರೆ ಜೀವಕ್ಕೆ ಅಪಾಯವಿಲ್ಲದ್ದು. ಎಷ್ಟೋ ಚರ್ಮ ವೈದ್ಯರು ಇಡೀ ವೃತ್ತಿಯಲ್ಲಿ ಒಂದೆರಡು ನೋಡಿರುತ್ತಾರೆ ಅಷ್ಟೇ. ಪೋಷಕರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇವೆ. ಊರು, ಶಾಲೆ, ಆಸ್ಪತ್ರೆ ಯಾವುದರ ಹೆಸರೂ ಇಲ್ಲ. ಗುರುತು ಹತ್ತಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇವೆ. ಮಕ್ಕಳ ವೈದ್ಯರು, ಸಣ್ಣ ಊರುಗಳಲ್ಲಿ ಪ್ರಾಕ್ಟೀಸ್ ಮಾಡುವವರು, ಪೆಥಾಲಜಿ ಕಲಿಯುವ ವಿದ್ಯಾರ್ಥಿಗಳು ಓದಲಿ ಅನ್ನೋದು ಆಸೆ. ತಂದೆತಾಯಿಯರಿಗೂ ಅರ್ಥವಾಗುವ ಹಾಗೆ ಬರೆಯಲು ನೋಡಿದ್ದೇವೆ.

ಕಾಯಿಲೆಯ ಹಿನ್ನೆಲೆ

ಮೈತುಂಬ ಹರಡಿರುವ ಬೆವರಿನ ಗ್ರಂಥಿಗೆ ಎಕ್ರೈನ್ ಗ್ರಂಥಿ ಅನ್ನುತ್ತೇವೆ. ಒಬ್ಬ ಮನುಷ್ಯನಲ್ಲಿ 20ರಿಂದ 40 ಲಕ್ಷ ಇರುತ್ತವೆ. ಗ್ರಂಥಿಯ ಕೆಳತುದಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು, ಚರ್ಮದ ಒಳಪದರ ಮುಗಿದು ಕೊಬ್ಬು ಶುರುವಾಗುವ ಜಾಗದಲ್ಲಿ ಕೂತಿರುತ್ತದೆ. ಅಲ್ಲಿಂದ ಒಂದು ಸಣ್ಣ ನಾಳ ಮೇಲೆ ಹತ್ತಿ ಚರ್ಮದ ಹೊರಗೆ ಬಾಯಿ ಬಿಡುತ್ತದೆ. ಈ ಆಳದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಹುಡುಗಿಯ ಎರಡು ವರ್ಷ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಹಾಮಾರ್ಟೋಮಾದಲ್ಲಿ ಅನ್ಯ ಜೀವಕೋಶ ಯಾವುದೂ ಬಂದು ಸೇರಿರುವುದಿಲ್ಲ. ಆ ಜಾಗದಲ್ಲಿ ಸಹಜವಾಗಿ ಇರಬೇಕಾದ್ದೇ ಪ್ರಮಾಣ ತಪ್ಪಿ, ಜೋಡಣೆ ತಪ್ಪಿ ಬೆಳೆದಿರುತ್ತದೆ. ಇಲ್ಲಿ ತಪ್ಪಿರುವುದು ಎರಡು: ಎಕ್ರೈನ್ ಗ್ರಂಥಿಗಳು ಬೇಕಾದ್ದಕ್ಕಿಂತ ಜಾಸ್ತಿ, ಅವುಗಳ ಸುತ್ತ ಸೂಕ್ಷ್ಮ ರಕ್ತನಾಳಗಳೂ ಜಾಸ್ತಿ. ಗರ್ಭದಲ್ಲಿ ಚರ್ಮ ರೂಪುಗೊಳ್ಳುವಾಗ ಮೇಲ್ಪದರಕ್ಕೂ ಅದರ ಕೆಳಗಿನ ಅಂಗಾಂಶಕ್ಕೂ ನಡುವೆ ನಡೆಯುವ ರಾಸಾಯನಿಕ ಹೊಂದಾಣಿಕೆ ಆ ಜಾಗದಲ್ಲಿ ಕೆಡುತ್ತದೆ ಅನ್ನೋದು ಈಗಿನ ತಿಳಿವಳಿಕೆ.

1859ರಲ್ಲಿ ಜರ್ಮನಿಯ ಲೋಟ್ಸ್‌ಬೆಕ್ ಎಂಬ ವೈದ್ಯ ಒಂದು ಮಗುವಿನ ಕೆನ್ನೆಯ ಮೇಲೆ ಇಂಥದ್ದನ್ನು ಕಂಡು ದಾಖಲಿಸಿದರು. ಈಗ ಬಳಸುವ ಹೆಸರು ಕೊಟ್ಟವರು ಹೈಮನ್, ಹ್ಯಾರಿಸ್ ಮತ್ತು ಬ್ರೌನ್‌ಸ್ಟೀನ್, 1968ರಲ್ಲಿ. ಹೆಚ್ಚಾಗಿ ಹುಟ್ಟುವಾಗಲೇ ಇರುತ್ತದೆ, ಇಲ್ಲವೇ ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೈಕಾಲುಗಳಲ್ಲಿ ಜಾಸ್ತಿ. ಸಾಮಾನ್ಯವಾಗಿ ಒಂದೇ ಇರುತ್ತದೆ. ಬಣ್ಣ ಚರ್ಮದ್ದೇ ಇರಬಹುದು, ಕೆಂಪು, ನೀಲಿ, ಕಂದು, ಹಳದಿ ಏನು ಬೇಕಾದರೂ ಇರಬಹುದು. ಬಣ್ಣ ನೋಡಿ ಗುರುತಿಸುವುದು ಕಷ್ಟವಾಗುವುದು ಇದಕ್ಕೇ. ನೋವು ಮತ್ತು ಆ ಜಾಗದಲ್ಲಷ್ಟೇ ಬೆವರು, ಇವೆರಡೂ ಸೇರಿದರೆ ಅನುಮಾನ ಬರಬೇಕು. ಆದರೆ ಎರಡೂ ಎಲ್ಲ ರೋಗಿಗಳಲ್ಲಿ ಇರುವುದಿಲ್ಲ.

ನಮ್ಮಲ್ಲಿಗೆ ಬರುವ ಮೊದಲು

ಹುಟ್ಟಿದಾಗ ಅದು ಚಪ್ಪಟೆಯಾಗಿ, ತಿಳಿ ನೀಲಿಯಾಗಿ ಇತ್ತಂತೆ. ಮನೆಯಲ್ಲಿ ಹಿರಿಯರು ಗ್ರಹಣದ ಮಚ್ಚೆ ಅಂದರು. ಬಸುರಿಯಲ್ಲಿದ್ದಾಗ ಗ್ರಹಣದ ದಿನ ತಾಯಿ ಹೊರಗೆ ಹೋಗಿದ್ದಳು, ಅದಕ್ಕೇ ಹೀಗೆ ಅಂತ. ಹೇಳಿದವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಆ ಮಾತು ತಾಯಿಯ ಮನಸ್ಸಿನಲ್ಲಿ ಆರು ವರ್ಷ ಕೂತಿತ್ತು. ನಾವು ಹಿಸ್ಟರಿ ತೆಗೆದುಕೊಳ್ಳುವಾಗ ಬಸುರಿಯಲ್ಲಿ ಏನಾದರೂ ತೊಂದರೆ ಇತ್ತಾ ಅಂತ ಕೇಳಿದ್ದೇ ತಡ, ಅವರ ಕಣ್ಣಲ್ಲಿ ನೀರು ಬಂತು.

ನಾಲ್ಕನೇ ವಯಸ್ಸಿನ ಸುಮಾರಿಗೆ ಕಲೆ ದಪ್ಪವಾಗತೊಡಗಿತು. ಮೆಡಿಕಲ್ ಶಾಪ್‌ನಲ್ಲಿ ಹುಳುಕಡ್ಡಿ ಅಂದು ಒಂದು ಕ್ರೀಮ್ ಕೊಟ್ಟರು. ಸ್ಟೆರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆಸಿದ, ಎಲ್ಲ ಕಡೆ ಸಿಗುವ ಥರದ್ದು. ತಿಂಗಳುಗಟ್ಟಲೆ ಹಚ್ಚಿದರು. ಇದರಿಂದ ಇನ್ನೊಂದು ತೊಡಕಾಯಿತು. ಸ್ಟೆರಾಯ್ಡ್‌ನಿಂದ ಮೇಲಿನ ಚರ್ಮ ತೆಳುವಾಗಿ ಒಳಗಿನ ರಕ್ತನಾಳ ಇನ್ನೂ ಎದ್ದು ಕಂಡವು. ಕಲೆ ಮೊದಲಿಗಿಂತ ನೀಲಿಯಾಯಿತು. ಮುಂದೆ ನೋಡಿದವರಿಗೆ ರಕ್ತನಾಳದ ಗಡ್ಡೆ ಅನಿಸಲು ಇದೂ ಒಂದು ಕಾರಣ.

ಹಾಗೆ ಅನಿಸಿದ ಒಬ್ಬ ವೈದ್ಯರು ಪ್ರೊಪ್ರನೊಲಾಲ್ ಶುರು ಮಾಡಿದರು. ಮಗುವಿನ ಹೆಮಾಂಜಿಯೋಮಾ (ಎಳೆ ಮಕ್ಕಳಲ್ಲಿ ಬರುವ ರಕ್ತನಾಳದ ಗಡ್ಡೆ) ಈ ಔಷಧಿಗೆ ಕುಗ್ಗುತ್ತದೆ ಅಂತ ಫ್ರಾನ್ಸಿನ ಬೋರ್ಡೋದಲ್ಲಿ ಆಕಸ್ಮಿಕವಾಗಿ ಗೊತ್ತಾಗಿ 2008ರಲ್ಲಿ ಪ್ರಕಟವಾದ ಮೇಲೆ ಮಕ್ಕಳ ಚರ್ಮರೋಗ ಚಿಕಿತ್ಸೆಯೇ ಬದಲಾಯಿತು. ಒಳ್ಳೆಯ ಔಷಧಿ, ಅನುಮಾನವಿಲ್ಲ. ಆದರೆ ಹೆಮಾಂಜಿಯೋಮಾಕ್ಕೆ ಅದರದ್ದೇ ಕಾಲಕ್ರಮ ಇದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ಕೆಲವು ತಿಂಗಳಲ್ಲೇ ಬಹುಪಾಲು ಬೆಳೆದು, ಒಂದು ವರ್ಷದ ನಂತರ ತಾನಾಗಿ ಕುಗ್ಗಲು ಶುರುವಾಗುತ್ತದೆ. ಮೂರು ವರ್ಷ ಸುಮ್ನೆ ಇದ್ದು ನಾಲ್ಕನೇ ವರ್ಷಕ್ಕೆ ಬೆಳೆಯುವುದು ಅದರ ಸ್ವಭಾವವಲ್ಲ. ಔಷಧಿಯಿಂದ ಏನೂ ಬದಲಾಗಲಿಲ್ಲ. ನಿಲ್ಲಿಸಿದರು.

ಇದರ ಮಧ್ಯೆ ಶಾಲೆಯಲ್ಲಿ ಒಂದು ಘಟನೆ ಆಯಿತು. ಸಾಕ್ಸ್ ಕೆಳಗೆ ನೀಲಿಗಟ್ಟಿದ ಕಾಲು ನೋಡಿ ಟೀಚರ್ ಹುಡುಗಿಯನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಾರಾದರೂ ಹೊಡೀತಾರಾ ಅಂತ ಕೇಳಿದರು. ಆಮೇಲೆ ತಂದೆತಾಯಿಯನ್ನು ಕರೆಸಿದರು. ತಾಯಿಗೆ ಅದು ದೊಡ್ಡ ಅವಮಾನ ಅನಿಸಿತು. ನಮ್ಮ ಅಭಿಪ್ರಾಯ ಬೇರೆ. ಮಗುವಿನ ಮೈಮೇಲೆ ಪೆಟ್ಟಿನ ಥರದ ಗುರುತು ಕಂಡರೆ ಟೀಚರ್ ಕೇಳಲೇಬೇಕು, ಆ ಟೀಚರ್ ಮಾಡಿದ್ದು ಸರಿ. ಆದರೆ ಪೆಟ್ಟಿನ ನೀಲಿ ದಿನಗಳೆದಂತೆ ಹಸಿರಾಗಿ, ಹಳದಿಯಾಗಿ ಎರಡು ಮೂರು ವಾರದಲ್ಲಿ ಮಾಯವಾಗುತ್ತದೆ. ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀಲಿ ಪೆಟ್ಟಿನದ್ದಲ್ಲ. ಈ ಒಂದು ಮಾತನ್ನು ಯಾರಾದರೂ ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಆ ಮನೆಯವರಿಗೆ ಆ ದಿನ ಬರುತ್ತಿರಲಿಲ್ಲ.

ನಂತರ ಬೇರೆ ಕಡೆ ಬಯಾಪ್ಸಿ ಮಾಡಿಸಿದರು. 3 ಮಿಲಿಮೀಟರ್ ಪಂಚ್, ಅಂದರೆ ಅಷ್ಟು ಅಗಲದ ಕೊಳವೆಯಂಥ ಬ್ಲೇಡಿನಿಂದ ತೆಗೆದ ಚರ್ಮದ ತುಣುಕು. ರಿಪೋರ್ಟ್‌ನಲ್ಲಿ ಮೇಲ್ಪದರ ಸಹಜವಾಗಿದೆ, ಸೂಕ್ಷ್ಮ ರಕ್ತನಾಳ ಸ್ವಲ್ಪ ಹೆಚ್ಚಿವೆ, ನಿರ್ದಿಷ್ಟ ಕಾಯಿಲೆ ಹೇಳಲಾಗುವುದಿಲ್ಲ ಅಂತ ಇತ್ತು. ಮನೆಯವರು ಅದನ್ನು ಓದಿಕೊಂಡದ್ದು ಹೀಗೆ: ಬಯಾಪ್ಸಿಯಲ್ಲೂ ಸಿಗದ ಕಾಯಿಲೆ ಅಂದಮೇಲೆ ಏನೋ ದೊಡ್ಡದೇ ಇರಬೇಕು. ಕ್ಯಾನ್ಸರ್ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

ಪರೀಕ್ಷೆ ಮತ್ತು ತಾಯಿಯ ಒಂದು ಮಾತು

ಕಲೆಯ ಅಳತೆ 3 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ. ಅಂಚು ಅಷ್ಟೇನೂ ಸ್ಪಷ್ಟವಿಲ್ಲ. ಮೇಲೆ ಸಣ್ಣ ರೋಮ, ಪಕ್ಕದ ಚರ್ಮಕ್ಕಿಂತ ಸ್ವಲ್ಪ ದಟ್ಟ. ಅಂಗೈ ಹಿಂಬದಿ ಇಟ್ಟು ನೋಡಿದರೆ ಬೆಚ್ಚಗಿತ್ತು. ಒತ್ತಿದರೆ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ನಾಡಿಯ ಮಿಡಿತ ಸಿಗಲಿಲ್ಲ. ಎರಡೂ ಕಾಲಿನ ಉದ್ದ, ಸುತ್ತಳತೆ ಒಂದೇ ಇತ್ತು. ಹುಟ್ಟಿನಿಂದ ಬರುವ ಕೆಲವು ರಕ್ತನಾಳದ ತೊಂದರೆಗಳಲ್ಲಿ ಆ ಕಾಲು ದಪ್ಪವಾಗಿ ಬೆಳೆಯುತ್ತದೆ, ಹಾಗಾಗಿ ಅಳೆಯುವುದು ಮುಖ್ಯ.

ಬೆರಳಿನಿಂದ ಮೆಲ್ಲಗೆ ಉಜ್ಜಿ ಕಾಯ್ದೆವು. ಮ್ಯಾಸ್ಟೊಸೈಟೋಮಾ (ಅಲರ್ಜಿಗೆ ಸಂಬಂಧಿಸಿದ ಮಾಸ್ಟ್ ಕೋಶಗಳ ಗಂಟು) ಆಗಿದ್ದರೆ ಕೆಂಪಾಗಿ ದದ್ದು ಏಳುತ್ತದೆ. ನಯ ಸ್ನಾಯುವಿನ ಹಾಮಾರ್ಟೋಮಾ ಆಗಿದ್ದರೆ ರೋಮ ನಿಮಿರಿ ಜುಮ್ಮೆನ್ನುವ ಹಾಗೆ ಚರ್ಮ ಗಟ್ಟಿಯಾಗುತ್ತದೆ. ಎರಡೂ ಆಗಲಿಲ್ಲ.

ನೋವು ಎಲ್ಲಿ ಅಂತ ಹುಡುಗಿಯ ಕೈಗೇ ಸ್ಕೆಚ್ ಪೆನ್ ಕೊಟ್ಟೆವು. ಮುಟ್ಟಲು ಬಿಡದ ಮಗು, ತಾನೇ ಗುರುತು ಮಾಡು ಅಂದರೆ ಖುಷಿಯಿಂದ ಮಾಡಿತು. ಇಡೀ ಕಲೆಯನ್ನು ಬಿಟ್ಟು ಕೆಳಗಿನ ಅಂಚಿನಲ್ಲಿ ಒಂದೇ ಕಡೆ ಸಣ್ಣ ಸುತ್ತು ಹಾಕಿ ತೋರಿಸಿದಳು. ಶಾಲೆಯ ಸಾಕ್ಸ್‌ನ ಇಲಾಸ್ಟಿಕ್ ಕೂರುವ ಜಾಗ ಸರಿಯಾಗಿ ಅದೇ. ನಾವು ಆ ಸುತ್ತಿನ ಫೋಟೋ ತೆಗೆದುಕೊಂಡೆವು. ಮುಂದೆ ಆಪರೇಷನ್ ಯೋಚನೆ ಮಾಡುವಾಗ ನಮಗೆ ಸ್ಕ್ಯಾನ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಫೋಟೋ.

ಸಾಕ್ಸ್ ವಿಷಯ ಬಂದಾಗಲೇ ತಾಯಿ ಹೇಳಿದರು: "ಅದೊಂದು ಕಡೆ ಮಾತ್ರ ಸಾಕ್ಸ್ ಒದ್ದೆ ಇರುತ್ತೆ. ಮೊದಲು ನೀರು ಚೆಲ್ಲಿಕೊಂಡಿದಾಳೆ ಅನ್ಕೊಂಡಿದ್ದೆ."

ಇದನ್ನು ಬೇರೆ ವೈದ್ಯರ ಹತ್ತಿರ ಹೇಳಿದ್ದರಾ ಅಂತ ಕೇಳಿದೆವು. ಯಾರೂ ಕೇಳಲಿಲ್ಲ ಅಂದರು. ಎಲ್ಲರೂ ಬಣ್ಣ ಕೇಳಿದ್ದರು, ಬೆಳವಣಿಗೆ ಕೇಳಿದ್ದರು, ರಕ್ತ ಬರುತ್ತಾ ಅಂತ ಕೇಳಿದ್ದರು. ಬೆವರುತ್ತಾ ಅಂತ ಕೇಳುವುದು ಹೊಳೆಯುವುದಿಲ್ಲ, ಅಲ್ವಾ? ಈ ಪ್ರಕರಣದ ಮೊದಲ ತಿರುವು ಇದೇ. ಹುಟ್ಟಿನಿಂದ ಇರುವ, ನೋಯುವ, ನೀಲಿ ಕಲೆಯ ಪಟ್ಟಿಯಲ್ಲಿ ಹತ್ತಾರು ಹೆಸರುಗಳಿವೆ. ಜೊತೆಗೆ ಬೆವರುವ ಅನ್ನೋದನ್ನು ಸೇರಿಸಿದ ತಕ್ಷಣ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ.

ಬಾಯಿಮಾತು ಸಾಲದು ಅಂತ ಅಯೋಡಿನ್-ಪಿಷ್ಟ ಪರೀಕ್ಷೆ ಮಾಡಿದೆವು. ರಷ್ಯಾದ ನರವೈದ್ಯ ಮೈನರ್ 1928ರಲ್ಲಿ ತಂದ ವಿಧಾನ, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಇಲ್ಲ. ಅಯೋಡಿನ್ ಅಲರ್ಜಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕಾಲಿಗೆ ಅಯೋಡಿನ್ ದ್ರಾವಣ ಬಳಿದು ಪೂರ್ತಿ ಒಣಗಲು ಬಿಡಬೇಕು. ಮೇಲೆ ಕಾರ್ನ್‌ಫ್ಲೋರ್ ಉದುರಿಸಬೇಕು. ಬೆವರು ತಾಗಿದ ಕಡೆ ಅಯೋಡಿನ್ ಮತ್ತು ಪಿಷ್ಟ ಸೇರಿ ಕಪ್ಪುನೀಲಿಯಾಗುತ್ತದೆ. ಫ್ಯಾನ್ ಆರಿಸಿ ಹುಡುಗಿಗೆ ಕಾರಿಡಾರ್‌ನಲ್ಲಿ ಓಡಾಡು ಅಂದೆವು. ವಾಪಸ್ ಬಂದಾಗ ಬಿಳಿ ಪುಡಿಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಒಂದೊಂದಾಗಿ ಮೂಡುತ್ತಿದ್ದವು. ಒಂದೊಂದು ಚುಕ್ಕೆ ಒಂದೊಂದು ಬೆವರಿನ ರಂಧ್ರ. ನೋಡುನೋಡುತ್ತಾ ಚುಕ್ಕೆಗಳು ಕೂಡಿಕೊಂಡು ಇಡೀ ಕಲೆ ಕಪ್ಪುನೀಲಿಯಾಯಿತು. ಸುತ್ತಲಿನ ಚರ್ಮದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಪುಡಿ ಬಿಳಿಯಾಗಿಯೇ ಇತ್ತು. ತಂದೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡರು. ಇದೇ ಕಲೆ ಅಂಗಾಲಿನಲ್ಲಿ ಇದ್ದಿದ್ದರೆ ಈ ಪರೀಕ್ಷೆಯಿಂದ ಏನೂ ಹೇಳಲು ಆಗುತ್ತಿರಲಿಲ್ಲ. ಅಂಗಾಲು ಎಲ್ಲರಿಗೂ ಬೆವರುವ ಜಾಗ.

ಈಗ ಉಳಿದ ಅನುಮಾನಗಳು ಮುಖ್ಯವಾಗಿ ಎರಡು. ಒಂದು ಟಫ್ಟೆಡ್ ಆಂಜಿಯೋಮಾ, ಸಣ್ಣ ರಕ್ತನಾಳಗಳು ಗೊಂಚಲಾಗಿ ಬೆಳೆಯುವ ಗಡ್ಡೆ. ಅದೂ ನೋಯುತ್ತದೆ, ಬೆವರುತ್ತದೆ, ಮೇಲೆ ರೋಮವೂ ಇರುತ್ತದೆ. ಅದರಲ್ಲಿ ಕೆಲವೊಮ್ಮೆ ಪ್ಲೇಟ್‌ಲೆಟ್ ಅಪಾಯಕಾರಿಯಾಗಿ ಕುಸಿಯುತ್ತದೆ. ಹಾಗಾಗಿ ಬ್ಲೇಡ್ ಹಿಡಿಯುವ ಮೊದಲು ರಕ್ತ ಪರೀಕ್ಷೆ ಆಗಲೇಬೇಕು. ಪ್ಲೇಟ್‌ಲೆಟ್ ಸಹಜವಾಗಿತ್ತು. ಇನ್ನೊಂದು ಗ್ಲೋಮುವೀನಸ್ ಮಾಲ್‌ಫಾರ್ಮೇಷನ್, ಗ್ಲೋಮಸ್ ಎಂಬ ಕೋಶಗಳು ಸುತ್ತಿಕೊಂಡ ರಕ್ತನಾಳದ ದೋಷ, ನೀಲಿಯಾಗಿದ್ದು ಒತ್ತಿದರೆ ನೋಯುವಂಥದ್ದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ದೊಡ್ಡ ರಕ್ತನಾಳವಾಗಲಿ, ರಭಸದ ಹರಿವಾಗಲಿ ಕಾಣಲಿಲ್ಲ. ಅಂದರೆ ಬಯಾಪ್ಸಿ ಮಾಡಿದರೆ ಜಾಸ್ತಿ ರಕ್ತ ಹೋಗುವ ಭಯ ಇಲ್ಲ.

ಎರಡನೇ ಬಯಾಪ್ಸಿಗೆ ಒಪ್ಪಿಸುವುದು

ತಂದೆ ಒಪ್ಪಲಿಲ್ಲ. ಒಮ್ಮೆ ಚುಚ್ಚಿಸಿ ಅಳಿಸಿ ಆಗಿದೆ, ಏನೂ ಸಿಗಲಿಲ್ಲ, ಮತ್ತೆ ಯಾಕೆ? ನ್ಯಾಯವಾದ ಪ್ರಶ್ನೆ. ಪೂರ್ತಿ ತೆಗೆದುಬಿಡಿ, ಒಂದೇ ಸಲ ಮುಗಿಯಲಿ ಅನ್ನೋದು ಅವರ ವಾದ.

ನಾವು ಹಳೆಯ ಸ್ಲೈಡ್ ತರಿಸಿಕೊಂಡು ನೋಡಿದೆವು. ಅದರಲ್ಲಿ ಮೇಲ್ಪದರ ಇತ್ತು, ಒಳಪದರದ ಮೇಲಿನ ಅರ್ಧ ಇತ್ತು. ತುಣುಕಿನ ತಳದ ಅಂಚಿನಲ್ಲಿ ಎಕ್ರೈನ್ ನಾಳದ ಒಂದೆರಡು ಅಡ್ಡಸೀಳು ಕಂಡವು. ಅದರ ಕೆಳಗೆ ಏನೂ ಇರಲಿಲ್ಲ. ಕೊಬ್ಬಿನ ಒಂದು ಕಣವೂ ಇಲ್ಲ. ಸ್ಲೈಡ್ ಓದಿದವರು ತಪ್ಪು ಬರೆದಿರಲಿಲ್ಲ, ಅವರ ಮುಂದಿದ್ದ ಚರ್ಮದಲ್ಲಿ ಕಾಯಿಲೆಯೇ ಇರಲಿಲ್ಲ. ಅಳುವ ಮಗುವಿನ ಮೇಲೆ ಕರುಣೆಯಿಂದ ಸಣ್ಣದಾಗಿ, ಮೇಲುಮೇಲೆ ತೆಗೆದಿದ್ದರು. ಆ ಕರುಣೆ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಬೆವರಿನ ಗ್ರಂಥಿಯ ಸುರುಳಿ ಇರುವುದು ಕೊಬ್ಬಿನ ಹತ್ತಿರ. ಕೊಬ್ಬು ಬರದ ಬಯಾಪ್ಸಿಯಿಂದ ಈ ಕಾಯಿಲೆ ಇದೆ ಅಂತಲೂ ಹೇಳಲು ಆಗುವುದಿಲ್ಲ, ಇಲ್ಲ ಅಂತಲೂ ಹೇಳಲು ಆಗುವುದಿಲ್ಲ.

ತಂದೆಯನ್ನು ಮೈಕ್ರೋಸ್ಕೋಪ್ ಹತ್ತಿರ ಕೂರಿಸಿ ಆ ಸ್ಲೈಡ್ ತೋರಿಸಿದೆವು. ಪಕ್ಕದಲ್ಲಿ ಕೊಬ್ಬಿನವರೆಗೂ ಇರುವ ಬೇರೆ ಒಂದು ಸ್ಲೈಡ್ ಇಟ್ಟೆವು. ಬೆವರಿನ ಗ್ರಂಥಿ ಎಲ್ಲಿದೆ, ಮಗಳ ತುಣುಕು ಎಲ್ಲಿಗೆ ಮುಗಿದಿದೆ ಅಂತ ಅವರೇ ನೋಡಿದರು. ಐದು ನಿಮಿಷದ ಕೆಲಸ. ಮಾತಿನಲ್ಲಿ ಆಗದ್ದು ಅದರಲ್ಲಿ ಆಯಿತು. ಹೀಗೆ ತೋರಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಓದು ಬರಹ ಜಾಸ್ತಿ ಇಲ್ಲದವರಿಗೆ ಅರ್ಥವಾಗಲ್ಲ ಅಂದುಕೊಳ್ಳುತ್ತೇವೆ. ಆ ತಂದೆ ಹೆಚ್ಚು ಓದಿದವರಲ್ಲ. ಅವರು ಕೇಳಿದ ಪ್ರಶ್ನೆಗಳು ಮಾತ್ರ ನಮ್ಮ ವಿದ್ಯಾರ್ಥಿಗಳು ಕೇಳುವಂಥವೇ.

ಪೂರ್ತಿ ತೆಗೆಯುವ ಮಾತಿಗೆ ನಾವು ಒಪ್ಪಲಿಲ್ಲ. ಏನು ಅಂತ ಗೊತ್ತಿಲ್ಲದೆ, ಎಷ್ಟು ಆಳ ಅಂತ ಗೊತ್ತಿಲ್ಲದೆ, ಚರ್ಮ ಬಿಗಿಯಾಗಿರುವ ಆ ಜಾಗದಲ್ಲಿ ದೊಡ್ಡ ಗಾಯ ಮಾಡುವುದು ಸರಿಯಲ್ಲ ಅನಿಸಿತು. ನಿದ್ದೆಯ ಔಷಧಿ ಕೊಟ್ಟು, ಮರಗಟ್ಟಿಸಿ, ಕಲೆಯ ಮಧ್ಯದಿಂದ ಸುಮಾರು 8 ಮಿಲಿಮೀಟರ್ ಉದ್ದದ ತುಣುಕನ್ನು ಕೊಬ್ಬು ಸೇರಿಸಿ ತೆಗೆದೆವು. ಪೆಥಾಲಜಿಗೆ ಕಳಿಸುವ ಚೀಟಿಯಲ್ಲಿ ವಯಸ್ಸು, ಜಾಗ, ಹುಟ್ಟಿನಿಂದ ಇರುವುದು, ನೋವು, ಬೆವರು, ಅಯೋಡಿನ್ ಪರೀಕ್ಷೆಯ ಫಲಿತಾಂಶ, ಹಿಂದೆ ಸ್ಟೆರಾಯ್ಡ್ ಹಚ್ಚಿದ್ದು ಎಲ್ಲ ಬರೆದೆವು. ಹಳೆಯ ಚೀಟಿಯಲ್ಲಿ ಕಾಲಿನ ಗಂಟು ಅಂತಷ್ಟೇ ಇತ್ತು.

ಸ್ಲೈಡ್‌ನಲ್ಲಿ ಕಂಡದ್ದು

ಕಡಿಮೆ ಪವರ್‌ನಲ್ಲಿ ನೋಡಿದರೇ ಅರ್ಧ ಉತ್ತರ ಸಿಕ್ಕಿತು. ಮೇಲ್ಪದರ ಸಹಜ, ಸ್ವಲ್ಪ ತೆಳು. ಒಳಪದರದ ಮೇಲಿನ ಅರ್ಧದಲ್ಲಿ ಹೇಳುವಂಥದ್ದೇನೂ ಇಲ್ಲ. ಕೆಳಗೆ ಇಳಿದರೆ ಗ್ರಂಥಿಗಳ ಗುಂಪು. ಸಾಮಾನ್ಯ ಕಣಕಾಲಿನ ಚರ್ಮದಲ್ಲಿ ಅಲ್ಲೊಂದು ಇಲ್ಲೊಂದು ಸುರುಳಿ ಕಾಣುವ ಜಾಗದಲ್ಲಿ, ಇಲ್ಲಿ ಒಂದಕ್ಕೊಂದು ಅಂಟಿದ ಹಾಗೆ ಹತ್ತಾರು. ಕೆಲವು ನಾಳಗಳು ಹಿಗ್ಗಿದ್ದವು. ಪ್ರತಿ ಗುಂಪಿನ ಸುತ್ತಲೂ, ನಡುವೆಯೂ, ತೆಳು ಗೋಡೆಯ ಸೂಕ್ಷ್ಮ ರಕ್ತನಾಳಗಳು ಒತ್ತೊತ್ತಾಗಿ. ಒಳಗೆ ಕೆಂಪು ರಕ್ತಕಣ. ಗೋಡೆಯ ಜೀವಕೋಶಗಳು ಚಪ್ಪಟೆಯಾಗಿ, ಶಾಂತವಾಗಿ ಇದ್ದವು. ವಿಕಾರವಾದ ನ್ಯೂಕ್ಲಿಯಸ್ ಇಲ್ಲ, ಕೋಶ ವಿಭಜನೆಯ ಚಿತ್ರ ಇಲ್ಲ. ಮಧ್ಯೆ ಸ್ವಲ್ಪ ಕೊಬ್ಬು, ಸ್ವಲ್ಪ ಮ್ಯೂಸಿನ್ (ಲೋಳೆಯಂಥ ವಸ್ತು), ಒಂದೆರಡು ಸಣ್ಣ ನರದ ಕಟ್ಟು.

1997ರಲ್ಲಿ ಪೆಲ್ ಮತ್ತು ಸಹೋದ್ಯೋಗಿಗಳು ಈ ಕಾಯಿಲೆಗೆ ಮೂರು ಲಕ್ಷಣ ಹೇಳಿದರು. ಎಕ್ರೈನ್ ಗ್ರಂಥಿಗಳು ಹೆಚ್ಚಿರಬೇಕು, ಅವುಗಳಿಗೆ ಅಂಟಿಕೊಂಡೇ ರಕ್ತನಾಳಗಳು ಹೆಚ್ಚಿರಬೇಕು, ಜೊತೆಗೆ ರೋಮ, ಕೊಬ್ಬು, ಮ್ಯೂಸಿನ್, ದುಗ್ಧನಾಳ ಇವುಗಳಲ್ಲಿ ಯಾವುದಾದರೂ ಇರಬಹುದು. ಇದರಲ್ಲಿ ನಿಜವಾಗಿ ತೀರ್ಮಾನ ಮಾಡುವುದು ಎರಡನೆಯದು. ರಕ್ತನಾಳ ಒಂದು ಕಡೆ, ಗ್ರಂಥಿ ಇನ್ನೊಂದು ಕಡೆ ಹೆಚ್ಚಿದ್ದರೆ ಅದು ಇದಲ್ಲ. ಎರಡೂ ಒಟ್ಟೊಟ್ಟಿಗೇ ಇರಬೇಕು. ಈ ಸ್ಲೈಡ್‌ನಲ್ಲಿ ಹಾಗೇ ಇತ್ತು.

ನಿರ್ದಿಷ್ಟ ಪ್ರೋಟೀನ್ ಇದ್ದ ಕಡೆ ಮಾತ್ರ ಹಿಡಿಯುವ ವಿಶೇಷ ಬಣ್ಣಗಳಲ್ಲಿ ಸಿಡಿ31 ಮತ್ತು ಸಿಡಿ34 ರಕ್ತನಾಳದ ಗೋಡೆಯನ್ನು ಎತ್ತಿ ತೋರಿಸಿದವು. ಗ್ರಂಥಿಗಳು ಎಸ್-100 ಮತ್ತು ಸಿಇಎಗೆ ಬಣ್ಣ ಹಿಡಿದವು. ನಮಗೆ ಮುಖ್ಯವಾಗಿ ಬೇಕಿದ್ದದ್ದು ಗ್ಲುಟ್-1. ಮಕ್ಕಳ ಹೆಮಾಂಜಿಯೋಮಾದಲ್ಲಿ ರಕ್ತನಾಳದ ಗೋಡೆ ಇದಕ್ಕೆ ಗಾಢವಾಗಿ ಬಣ್ಣ ಹಿಡಿಯುತ್ತದೆ. ಇಲ್ಲಿ ನಾಳದ ಒಳಗಿನ ಕೆಂಪು ರಕ್ತಕಣಗಳು ಬಣ್ಣ ಹಿಡಿದಿದ್ದವು, ಗೋಡೆ ಹಿಡಿದಿರಲಿಲ್ಲ. ರಕ್ತಕಣ ಹಿಡಿದಿದೆ ಅಂದರೆ ಪರೀಕ್ಷೆ ಸರಿಯಾಗಿ ನಡೆದಿದೆ. ಗೋಡೆ ಹಿಡಿದಿಲ್ಲ ಅಂದರೆ ಇದು ಹೆಮಾಂಜಿಯೋಮಾ ಅಲ್ಲ. ಪ್ರೊಪ್ರನೊಲಾಲ್ ಯಾಕೆ ಕೆಲಸ ಮಾಡಲಿಲ್ಲ ಅನ್ನೋದಕ್ಕೂ ಉತ್ತರ ಸಿಕ್ಕಿತು. ಟಫ್ಟೆಡ್ ಆಂಜಿಯೋಮಾದ ಗುಂಡುಗುಂಡಾದ ರಕ್ತನಾಳದ ಗೊಂಚಲು ಇರಲಿಲ್ಲ. ಗ್ಲೋಮಸ್ ಕೋಶಗಳೂ ಇರಲಿಲ್ಲ.

ಹೆಸರು ಸಿಕ್ಕ ಮೇಲೆ

ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವಂಥದ್ದೂ ಅಲ್ಲ, ಯಾರಿಗೂ ಅಂಟುವುದಿಲ್ಲ ಅಂತ ಮೊದಲು ಹೇಳಿದೆವು. ತಾಯಿಗೆ ಬೇರೆಯಾಗಿ ಹೇಳಿದೆವು: ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ನೀವು ತಿಂದದ್ದರಿಂದ, ಹೋದದ್ದರಿಂದ, ಮಾಡಿದ್ದರಿಂದ ಆದದ್ದಲ್ಲ. ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ ಅಂದೆವು. ಅಜ್ಜಿ ಬಂದರು. ಅವರ ಮುಂದೆಯೂ ಅದೇ ಮಾತು ಹೇಳಿದೆವು. ಹೊಲಿಗೆ, ಔಷಧಿಯಷ್ಟೇ ಇದೂ ಚಿಕಿತ್ಸೆಯ ಭಾಗ ಅಂತ ನಾವು ನಂಬುತ್ತೇವೆ.

ಭಯ ಹೋದ ಮೇಲೆ ಕೇಳಬೇಕಾದ ಪ್ರಶ್ನೆ ಬದಲಾಯಿತು. ಇಷ್ಟು ದಿನ ಇದೇನು ಅಂತ ಕೇಳುತ್ತಿದ್ದೆವು. ಈಗ, ಈ ಮಗುವಿಗೆ ಇದರಿಂದ ಏನು ತೊಂದರೆ ಅಂತ ಕೇಳಬೇಕಿತ್ತು. ತೊಂದರೆ ಎರಡು: ಶೂ ಹಾಕಿದರೆ ನೋವು, ಸಾಕ್ಸ್ ಒದ್ದೆ. ಬಣ್ಣದ ಬಗ್ಗೆ ಹುಡುಗಿಗೆ ಬೇಸರವೇ ಇರಲಿಲ್ಲ, ದೊಡ್ಡವರಿಗೆ ಇತ್ತು.

ಕಡಿಮೆ ತ್ರಾಸದ್ದರಿಂದ ಶುರು ಮಾಡಿದೆವು. ಶಾಲೆಗೆ ಪತ್ರ ಬರೆದೆವು. ಇದು ಹುಟ್ಟಿನಿಂದ ಬಂದ ಚರ್ಮದ ತೊಂದರೆ, ಪೆಟ್ಟಲ್ಲ, ಇಲಾಸ್ಟಿಕ್ ಸಾಕ್ಸ್ ಮತ್ತು ಎತ್ತರದ ಶೂ ಬೇಡ, ಸ್ಯಾಂಡಲ್‌ಗೆ ಅವಕಾಶ ಕೊಡಿ ಅಂತ. ಶಾಲೆಯವರು ಒಪ್ಪಿದರು. ಹಗಲಿನ ನೋವು ತುಂಬಾ ಕಡಿಮೆಯಾಯಿತು. ಬೆವರಿಗೆ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಟ್ಟೆವು. ಸ್ಟೆರಾಯ್ಡ್‌ನಿಂದ ತೆಳುವಾದ ಚರ್ಮಕ್ಕೆ ಅದು ಉರಿಯಿತು, ಬಿಟ್ಟೆವು. ಬೊಟ್ಯುಲಿನಂ ಟಾಕ್ಸಿನ್ ಚುಚ್ಚಿದರೆ ಕೆಲವು ತಿಂಗಳು ಬೆವರು ನಿಲ್ಲುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು ಅಂತ ವಿವರಿಸಿದೆವು. ಒದ್ದೆ ಸಾಕ್ಸ್‌ಗೋಸ್ಕರ ಇಷ್ಟು ಸೂಜಿ ಬೇಡ ಅಂತ ತಾಯಿ ಹೇಳಿದರು. ನಮಗೂ ಅದೇ ಸರಿ ಅನಿಸಿತು.

ಇಲ್ಲಿಗೇ ನಿಲ್ಲಬಹುದಿತ್ತು. ಈ ಕಾಯಿಲೆಯಲ್ಲಿ ನೋವಿಲ್ಲದಿದ್ದರೆ ಏನೂ ಮಾಡದೆ ಗಮನಿಸುವುದೇ ಸರಿಯಾದ ದಾರಿ. ಆದರೆ ಕೆಲವು ತಿಂಗಳ ನಂತರ ಆಟದಲ್ಲಿ ಅದೇ ಜಾಗಕ್ಕೆ ಏಟು ಬಿತ್ತು. ಅಲ್ಲಿಂದ ರಾತ್ರಿ ನಿದ್ದೆಯಲ್ಲಿ ಹೊದಿಕೆ ತಾಗಿದರೂ ಎದ್ದು ಅಳುತ್ತಿದ್ದಳು. ನಿದ್ದೆ ಕೆಡುತ್ತಿದೆ ಅಂದಮೇಲೆ ಕಾಯುವುದಕ್ಕೆ ಅರ್ಥ ಇರಲಿಲ್ಲ.

ಆಪರೇಷನ್

ಎಂಆರ್‌ಐ ಮಾಡಿಸಿದ್ದು ಈಗ. ಮೊದಲೇ ಯಾಕೆ ಮಾಡಿಸಲಿಲ್ಲ ಅಂತ ಕೇಳಬಹುದು. ಈ ವಯಸ್ಸಿನ ಮಗು ಅಲುಗಾಡದೆ ಮಲಗಬೇಕಾದರೆ ಅರಿವಳಿಕೆ ಬೇಕಾಗುತ್ತದೆ. ಹೆಸರು ಕಂಡುಹಿಡಿಯುವುದಕ್ಕೆ ಅದು ಬೇಕಿರಲಿಲ್ಲ, ಬಯಾಪ್ಸಿ ಸಾಕಿತ್ತು. ತೆಗೆಯಬೇಕು ಅಂತ ತೀರ್ಮಾನ ಆದಾಗ ಮಾತ್ರ ಆಳ ತಿಳಿಯಬೇಕಾಗುತ್ತದೆ. ಚರ್ಮ ಮತ್ತು ಕೊಬ್ಬಿಗಷ್ಟೇ ಸೀಮಿತ, ಸ್ನಾಯು, ಸ್ನಾಯುರಜ್ಜು, ಮೂಳೆ ಯಾವುದನ್ನೂ ಮುಟ್ಟಿಲ್ಲ ಅಂತ ಬಂತು.

ಪ್ಲಾಸ್ಟಿಕ್ ಸರ್ಜನ್ ಮುಂದೆ ಇದ್ದ ಸಮಸ್ಯೆ ಜಾಗದ್ದು. ಕಣಕಾಲಿನಲ್ಲಿ ಚರ್ಮ ಸಡಿಲ ಇರುವುದಿಲ್ಲ. 2 ಸೆಂಟಿಮೀಟರ್ ಅಗಲದ್ದನ್ನು ಒಂದೇ ಸಲ ತೆಗೆದು ಎಳೆದು ಹೊಲಿದರೆ ಬಿಗಿಯಾಗಿ ಹೊಲಿಗೆ ಬಿಚ್ಚಿಕೊಳ್ಳಬಹುದು. ತೊಡೆಯ ಚರ್ಮ ತಂದು ಕಸಿ ಮಾಡಿದರೆ ಎರಡು ಕಡೆ ಗಾಯ. ಎರಡು ಹಂತದಲ್ಲಿ ತೆಗೆಯೋಣ ಅಂತ ಅವರು ಸೂಚಿಸಿದರು. ಮೊದಲ ಹಂತದಲ್ಲಿ ಯಾವ ಅರ್ಧ? ಹುಡುಗಿ ಸ್ಕೆಚ್ ಪೆನ್‌ನಲ್ಲಿ ಸುತ್ತು ಹಾಕಿದ್ದ ಅರ್ಧ.

ತೆಗೆದ ಭಾಗವನ್ನು ಮತ್ತೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆವು. ಚಿತ್ರ ಅದೇ, ಒಂದು ವ್ಯತ್ಯಾಸದ ಜೊತೆ. ಬಯಾಪ್ಸಿಯಲ್ಲಿ ಒಂದೆರಡು ಕಂಡಿದ್ದ ನರದ ಕಟ್ಟುಗಳು ಇಲ್ಲಿ ಜಾಸ್ತಿ ಇದ್ದವು, ಗ್ರಂಥಿ ಮತ್ತು ರಕ್ತನಾಳಗಳ ಗುಂಪು ಅವುಗಳನ್ನು ಸುತ್ತುವರಿದಿತ್ತು. ಈ ಹಾಮಾರ್ಟೋಮಾ ನೋಯುವುದಕ್ಕೆ ಒಳಗಿನ ಸಣ್ಣ ನರಗಳೇ ಕಾರಣ ಅಂತ ಹೇಳುತ್ತಾರೆ. ಹುಡುಗಿ ಸುತ್ತು ಹಾಕಿ ತೋರಿಸಿದ ಜಾಗಕ್ಕೂ ಸ್ಲೈಡ್‌ಗೂ ತಾಳೆಯಾಗುತ್ತಿತ್ತು.

ಗಾಯ ಮಾಯುವಷ್ಟರಲ್ಲಿ ಹಳೆಯ ನೋವು ಹೋಗಿತ್ತು. ರಾತ್ರಿ ಎಚ್ಚರವಾಗುವುದು ನಿಂತಿತು. ಎರಡನೇ ಹಂತಕ್ಕೆ ಬರಬೇಕಾದ ಸಮಯದಲ್ಲಿ ಮನೆಯವರು ಬಂದು ಕೇಳಿದರು: ಈಗ ನೋವಿಲ್ಲ, ಉಳಿದದ್ದನ್ನು ತೆಗೆಸಲೇಬೇಕಾ?

ಇಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯ ಇತ್ತು. ಉಳಿದದ್ದು ಮುಂದೆ ಬೆಳೆಯಬಹುದು, ಈಗಲೇ ಮುಗಿಸಿದರೆ ಒಳ್ಳೆಯದು ಅಂತ ಸರ್ಜನ್ ಹೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಪೂರ್ತಿ ತೆಗೆದಾಗ ಸಾಮಾನ್ಯವಾಗಿ ಇದು ಮರುಕಳಿಸುವುದಿಲ್ಲ. ಇನ್ನೊಂದು ಪಕ್ಷ, ಉಳಿದ ಭಾಗ ನೋಯುತ್ತಿಲ್ಲ, ಅಪಾಯವಿಲ್ಲ, ಸುಮ್ನೆ ಇನ್ನೊಂದು ಅರಿವಳಿಕೆ ಯಾಕೆ ಅನ್ನೋದು. ನಾವು ಎರಡನ್ನೂ ಮನೆಯವರ ಮುಂದೆ ಇಟ್ಟೆವು. ಅವರು ಕಾಯಲು ನಿರ್ಧರಿಸಿದರು. ಹುಡುಗಿಯನ್ನೂ ಕೇಳಿದೆವು. ಬೇಡ ಅಂದಳು.

ಈಗ ಅವಳು ಸಾಕ್ಸ್ ಹಾಕುತ್ತಾಳೆ. ಗಾಯದ ಗುರುತು ಸ್ವಲ್ಪ ಅಗಲವಾಗಿದೆ, ಕಣಕಾಲಿನಲ್ಲಿ ಅದು ಸಹಜ. ಉಳಿದ ಅರ್ಧ ಕಾಲು ಬೆಳೆದಷ್ಟೇ ಬೆಳೆದಿದೆ, ಅದಕ್ಕಿಂತ ಹೆಚ್ಚಲ್ಲ. ಬೇಸಿಗೆಯಲ್ಲಿ ಅಲ್ಲಿ ಇನ್ನೂ ಬೆವರುತ್ತದೆ. ವರ್ಷಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಅದೇ ಕೋನದಿಂದ ಫೋಟೋ ತೆಗೆಯುತ್ತೇವೆ. ಹರೆಯದಲ್ಲಿ, ಮುಂದೆ ಗರ್ಭಿಣಿಯಾದಾಗ ಹಾರ್ಮೋನ್ ಬದಲಾವಣೆಯಿಂದ ಇದು ದೊಡ್ಡದಾಗಬಹುದು, ಮತ್ತೆ ನೋಯಬಹುದು ಅಂತ ತಾಯಿಗೆ ಹೇಳಿದ್ದೇವೆ. ಅದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. ಕಾಯಿಲೆಯ ಹೆಸರು, ಬಯಾಪ್ಸಿ ನಂಬರ್, ಯಾವ ಭಾಗ ತೆಗೆದಿದೆ, ಯಾವ ಭಾಗ ಉಳಿದಿದೆ ಅನ್ನುವ ಚಿತ್ರ, ಯಾವ ಕ್ರೀಮ್ ಹಚ್ಚಬಾರದು, ಎಷ್ಟು ಬೇಗ ಬೆಳೆದರೆ ತಕ್ಷಣ ತೋರಿಸಬೇಕು, ಎಲ್ಲ ಅದರಲ್ಲಿದೆ. ಅದರ ಒಂದು ಪ್ರತಿ ಶಾಲೆಯ ಫೈಲ್‌ನಲ್ಲೂ ಇದೆ.